ಹಾಡಿಗೆ ಶಾಲು, ದೋಸೆಗೆ ಬಿಲ್

ನಿಜ ಹೇಳಿ, ನಿಮಗೂ ಹೀಗಾಗಿದೆಯಾ? ನಿಮಗೆ ಹಾಡಲು ಬರುತ್ತದೆ, ಅಥವಾ ಚಿತ್ರ ಬರೆಯಲು, ಅಥವಾ ಮದುವೆ ಮನೆಯಲ್ಲಿ ಜನ ದಾಟದೆ ನಿಂತು ನೋಡುವಂಥ ರಂಗೋಲಿ ಹಾಕಲು. ಯಾರೋ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತಾರೆ. ನಿಮ್ಮ ಕಂಠದಲ್ಲಿ ಸರಸ್ವತಿ ಕೂತಿದ್ದಾಳೆ ಎನ್ನುತ್ತಾರೆ. ಆಮೇಲೆ ಆ ಸರಸ್ವತಿಯನ್ನು ಭಾನುವಾರ ಸಂಜೆ ಎರಡು ತಾಸು ಪುಕ್ಕಟೆ ಕಳಿಸಿಕೊಡಿ ಎನ್ನುತ್ತಾರೆ. ನೀವು ಹಲ್ಲು ಕಿರಿದು ಹೂಂ ಅಂದುಬಿಡುತ್ತೀರಿ. ಅವರು ಮೆಟ್ಟಿಲಿಳಿದು ಹೋದ ಮೇಲೆ, ಅವರು ಕುಡಿದ ಕಪ್ಪು ತೊಳೆಯುವಾಗ ಸಿಟ್ಟು ಬರುತ್ತದೆ. ಅರ್ಧ ಅವರ ಮೇಲೆ, ಅರ್ಧ ನಿಮ್ಮ ಮೇಲೆ.

ನನಗೆ ಮೊನ್ನೆ ಆಯಿತು. ನಾನು ದನಿ ಮಾರಿ ಬದುಕುವವಳು. ಮರಾಠಿಯಲ್ಲೂ ಕನ್ನಡದಲ್ಲೂ ಜಾಹೀರಾತಿಗೆ ದನಿ ಕೊಡುತ್ತೇನೆ. ಯಾವುದಾದರೂ ಇಂಗಿನ ಜಾಹೀರಾತಿನಲ್ಲಿ ಒಬ್ಬ ಅತ್ತೆ ಸೊಸೆಯ ಸಾರನ್ನು ಬಾಯಿ ತುಂಬ ಹೊಗಳುವುದನ್ನು ಕೇಳಿದ್ದರೆ, ಆ ನಂಬಲಾಗದ ಅತ್ತೆ ನಾನೇ ಇರಬಹುದು. ಮೊನ್ನೆ ಒಬ್ಬರು ಫೋನ್ ಮಾಡಿ, "ಮ್ಯಾಡಂ, ಐದೇ ನಿಮಿಷದ ಕೆಲಸ. ಬಜೆಟ್ ಏನಿಲ್ಲ. ಆದರೆ ನಿಮಗೆ ಒಳ್ಳೇ ಎಕ್ಸ್‌ಪೋಜರ್ ಸಿಗತ್ತೆ" ಅಂದರು. ಐವತ್ತು ದಾಟಿದ ಹೆಂಗಸು ಎಕ್ಸ್‌ಪೋಜರ್ ತಗೊಂಡು ಏನು ಮಾಡಬೇಕು, ಉಪ್ಪಿನಕಾಯಿ ಹಾಕಬೇಕೇ? ಇದನ್ನು ಬಾಯಿಬಿಟ್ಟೇ ಕೇಳಿದೆ. ಅವರು ನಕ್ಕರು. ನಾನು ನಗಲಿಲ್ಲ. ಫೋನಿಟ್ಟ ಮೇಲೆ ಅವ್ವ ನೆನಪಾದಳು. ಈ ಸಿಟ್ಟು ನನ್ನ ಸ್ವಂತದ್ದಲ್ಲ, ತವರಿನಿಂದ ಬಂದದ್ದು.

ಎಪ್ಪತ್ತರ ದಶಕದ ಮಾತು. ನಾವು ನಾಸಿಕದಲ್ಲಿದ್ದೆವು. ಅಪ್ಪ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. ಮೂಲ ಗದಗ ಕಡೆಯವರು. ಕಾರ್ಖಾನೆಯಲ್ಲಿ ಕನ್ನಡದ ಮಂದಿ ಬೇಕಾದಷ್ಟಿದ್ದರು. ನಾಲ್ಕು ಕನ್ನಡಿಗರು ಒಂದೆಡೆ ಸೇರಿದರೆ ಸಂಘ ಕಟ್ಟುತ್ತಾರೆ, ಸಂಘ ಕಟ್ಟಿದರೆ ಕಾರ್ಯಕ್ರಮ ಮಾಡುತ್ತಾರೆ, ಕಾರ್ಯಕ್ರಮವೆಂದರೆ ಯಾರಾದರೂ ಹಾಡಲೇಬೇಕು. ಹಾಡುವವಳು ನಮ್ಮವ್ವ, ಸುಶೀಲಾ. ಮದುವೆಗೆ ಮೊದಲು ಗದುಗಿನಲ್ಲಿ ಹತ್ತು ವರ್ಷ ಗುರುಗಳ ಮುಂದೆ ಕೂತು ಕಲಿತವಳು. ಹಾರ್ಮೋನಿಯಂ ತಾನೇ ನುಡಿಸಿಕೊಂಡು ಹಾಡುವಳು. ನಮ್ಮ ಕಡೆ ಅದಕ್ಕೆ ಪೇಟಿ ಅನ್ನುತ್ತೇವೆ, ಮರಾಠಿಯಲ್ಲೂ ಪೇಟಿಯೇ. ಗಣಪತಿ ಹಬ್ಬಕ್ಕೆ ಅವ್ವ, ರಾಜ್ಯೋತ್ಸವಕ್ಕೆ ಅವ್ವ, ಯಾರದೋ ಕೂಸಿನ ಹೆಸರಿಡುವುದಕ್ಕೂ ಅವ್ವ.

ಪ್ರತಿಯಾಗಿ ಸಿಗುತ್ತಿದ್ದದ್ದು ಒಂದು ಶಾಲು, ಒಂದು ತೆಂಗಿನಕಾಯಿ. ಮರಾಠಿ ಮಂದಿ ಇದಕ್ಕೆ ಶಾಲ್-ಶ್ರೀಫಳ ಎಂದು ಮರ್ಯಾದೆಯ ಹೆಸರಿಟ್ಟಿದ್ದಾರೆ. ನಮ್ಮ ಸಂಘದವರು ಮಹಾರಾಷ್ಟ್ರಕ್ಕೆ ಬಂದು ಬೇರೆ ಏನು ಕಲಿತರೋ ಬಿಟ್ಟರೋ, ಇದನ್ನು ಮಾತ್ರ ಬಂದ ವಾರದಲ್ಲೇ ಕಲಿತರು. ಆ ಶಾಲುಗಳ ಗುಣವನ್ನು ನಾಲ್ಕು ಮಾತಿನಲ್ಲಿ ಹೇಳಲೇಬೇಕು. ನಾಸಿಕದ ಚಳಿ ಎಲುಬಿಗೆ ಇಳಿಯುವ ಚಳಿ. ಸನ್ಮಾನದ ಶಾಲು ಹೊದ್ದು ಕೂತರೆ ಚಳಿ ಇನ್ನೊಂದಿಷ್ಟು ಹೆಚ್ಚಾಗುತ್ತಿತ್ತು. ಫೋಟೋ ತೆಗೆಯುವಷ್ಟು ಹೊತ್ತು ಹೆಗಲ ಮೇಲೆ ನಿಂತರೆ ಸಾಕೆಂದು ನೇಯ್ದ ಬಟ್ಟೆ ಅದು. ತೊಳೆದರೆ ಕುಗ್ಗುತ್ತಿತ್ತು, ತೊಳೆಯದಿದ್ದರೆ ನುಸಿ ಹತ್ತುತ್ತಿತ್ತು. ನಮ್ಮ ಮನೆಯಲ್ಲಿ ಒಂದು ಶಾಲು ಇಸ್ತ್ರಿ ಹಾಸಾಗಿತ್ತು, ಒಂದು ಗೋದಿ ಡಬ್ಬಿಯ ಮುಸುಕಾಗಿತ್ತು, ಉಳಿದವು ಟ್ರಂಕಿನಲ್ಲಿ ಒಂದರ ಮೇಲೊಂದು ಸುಮ್ಮನೆ ಬಿದ್ದಿದ್ದವು. ತೆಂಗಿನಕಾಯಿ ಮಾತ್ರ ಪ್ರಾಮಾಣಿಕ. ಮರುದಿನವೇ ಚಟ್ನಿಯಾಗುತ್ತಿತ್ತು.

ಅವ್ವ ಇದನ್ನೆಲ್ಲ ಸಹಜವೆಂದೇ ನಂಬಿದ್ದಳು, ಒಂದು ಗಣಪತಿ ಹಬ್ಬದವರೆಗೆ. ಆ ಸಂಜೆ ಅವಳು ಗಂಟಲು ನೋಯುವಷ್ಟು ಹಾಡಿದ್ದಳು. ಕಾರ್ಯಕ್ರಮ ಮುಗಿದು ಜನ ಪ್ರಸಾದಕ್ಕೆ ಎದ್ದಾಗ, ಮಂಟಪದ ಮೂಲೆಯಲ್ಲಿ ಸಂಘದ ಖಜಾಂಚಿ ಜೋಶಿಕಾಕಾ ಒಂದು ಮೇಜು ಹಾಕಿಕೊಂಡು ಕೂತಿದ್ದರು. ಅವರ ಮುಂದೆ ಸಾಲು. ಮಂಟಪ ಕಟ್ಟಿದವನು, ಮೈಕಿನವನು, ಹೂವಿನವಳು, ಅಡುಗೆಯವನು. ಅವರ ಹಿಂದೆ ತಬಲಾ ನುಡಿಸಿದ ದತ್ತೂ, ಪಂಚವಟಿಯ ಕಡೆಯ ಮರಾಠಿ ಹುಡುಗ. ಎಲ್ಲರೂ ತಮ್ಮ ತಮ್ಮದು ತೆಗೆದುಕೊಂಡು ಸಹಿ ಹಾಕಿ ಹೋಗುತ್ತಿದ್ದರು. ಅವ್ವ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹೆಗಲ ಮೇಲಿನ ಶಾಲನ್ನು ಮಡಚಿ ನನ್ನ ಕೈಗೆ ಕೊಟ್ಟು, ಹೋಗಿ ದತ್ತೂನ ಹಿಂದೆ ಸಾಲಿನಲ್ಲಿ ನಿಂತಳು.

ಅವಳ ಸರದಿ ಬಂತು. ಜೋಶಿಕಾಕಾ ತಲೆಯೆತ್ತಿ, ಅತ್ತಿಗೆಯನ್ನು ಕರೆಯುವ ಸಲಿಗೆಯಲ್ಲಿ, "ಯಾಕ್ರಿ ವೈನಿ, ಚಹಾ ಸಿಗಲಿಲ್ಲೇನ್ರಿ?" ಎಂದರು.

"ಚಹಾ ಸಿಕ್ತ್ರಿ. ಎಲ್ಲಾರಿಗೂ ಕೊಡಾಕತ್ತಿದ್ರಲ್ಲಾ, ಅದಕ್ಕ ಬಂದ್ನಿ."

ಜೋಶಿಕಾಕಾ ಮೇಜು ಅಲುಗುವಷ್ಟು ನಕ್ಕರು. "ಏನ್ ಚ್ಯಾಷ್ಟಿ ಮಾಡ್ತೀರಿ ವೈನಿ! ನೀವು ನಮ್ಮ ಮನಿಯವರು. ನಿಮಗೂ ರೊಕ್ಕಾ ಕೊಟ್ರ, ಹೊರಗಿನವರಿಗೂ ನಿಮಗೂ ಏನ್ ಫರಕ್ ಉಳೀತು?"

ಹಿಂದೆ ನಿಂತಿದ್ದ ಇಬ್ಬರು ಮೂವರೂ ನಕ್ಕರು. ಅವ್ವ ಕೂಡ ನಕ್ಕಳು. ಅದೇ ನನಗೆ ಈಗ ನೆನೆದರೆ ಮೈ ಉರಿಯುವುದು. ಮೈಕು ಕಟ್ಟಿದವನಿಗೆ ಕೂಲಿ ಉಂಟು, ಆ ಮೈಕಿನಲ್ಲಿ ಹಾಡಿದವಳಿಗೆ ಇಲ್ಲ. ಕೇಳಿದರೆ ಅದು ಚೇಷ್ಟೆ.

ಮನೆಗೆ ಬಂದ ಮೇಲೆ ಅವ್ವನ ನಗು ಇಳಿಯಿತು. "ನಾ ಅವರ ಮನಿಯಾಕಿ ಆಗಿದ್ರ, ತಿಂಗಳಾ ರೇಶನ್ ತಂದ ಹಾಕ್ಲಿ" ಎಂದಳು. ಅಪ್ಪ ಸಾಧು ಮನುಷ್ಯ. "ಹೋಗ್ಲಿ ಬಿಡ, ನಾಕ ಮಂದ್ಯಾಗ ಹೆಸರ ಬರ್ತೈತಿ" ಎಂದ. "ಹೆಸರ ನಮ್ಮಪ್ಪ ತೊಟ್ಟಿಲದಾಗ ಇಟ್ಟಾನ. ಇವರೇನ್ ಹೊಸಾದು ಇಡೂದು ಬ್ಯಾಡ" ಎಂದು ಅವ್ವ ಪಾತ್ರೆ ತಿಕ್ಕಲು ಕೂತಳು. ಆ ರಾತ್ರಿ ಪಾತ್ರೆಗಳು ಎಂದಿಗಿಂತ ಬೆಳ್ಳಗಾದವು.

ಈಗ ಪದ್ಮನಾಭ ರಾಯರು ಬರಬೇಕು. ದಕ್ಷಿಣ ಕನ್ನಡದವರು. ಮೊದಲು ನಾಸಿಕದಲ್ಲಿ ನೆಂಟರ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದರು, ಆಮೇಲೆ ಔರಂಗಾಬಾದಿಗೆ ಹೋಗಿ ಗುಲ್ಮಂಡಿಯ ಹತ್ತಿರ ಸ್ವಂತದ್ದು ಹಾಕಿದರು. ಈಗ ಆ ಊರು ಛತ್ರಪತಿ ಸಂಭಾಜಿನಗರ. ನನ್ನ ನಾಲಿಗೆ ಹಳೆಯದು, ಕ್ಷಮಿಸಿಬಿಡಿ. ರಾಯರು ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವರಾಗಿದ್ದರೆ ಈ ಕಥೆ ಸುಲಭವಾಗುತ್ತಿತ್ತು. ಹಬ್ಬ ಮುಗಿದು ಸ್ವಲ್ಪ ದಿನಕ್ಕೆ ಅವರು ಒಂದು ಡಬ್ಬಿ ಮೈಸೂರುಪಾಕು ಹಿಡಿದು ನಮ್ಮ ಮನೆಗೇ ಬಂದರು.

"ಅಕ್ಕ, ಮಹಡಿ ಮೇಲೆ ಹೊಸ ಫ್ಯಾಮಿಲಿ ಹಾಲ್ ಮಾಡಿದ್ದೇನೆ. ನೀವು ಬಂದು ಹಾಡದೆ ನಾನು ಅದನ್ನು ಓಪನ್ ಮಾಡುವುದಿಲ್ಲ" ಎಂದರು.

ಅವ್ವ ಸಾಲಿನಲ್ಲಿ ನಿಂತು ಬಂದ ದಿನದಿಂದಲೇ ಒಂದು ನಿರ್ಧಾರ ಮಾಡಿದ್ದಳು. ಇನ್ನು ಮೇಲೆ ಮೊದಲೇ ಬೆಲೆ ಹೇಳುವುದು. ಅದಕ್ಕೆ ಅಭ್ಯಾಸವನ್ನೂ ಮಾಡಿದ್ದಳು. ರೊಟ್ಟಿ ತಟ್ಟುವಾಗ ಮೆಲ್ಲಗೆ "ನೂರಾ ಒಂದು, ನೂರಾ ಒಂದು" ಎನ್ನುತ್ತಿದ್ದಳು. ನಾನು ಅದು ಯಾವುದೋ ಹೊಸ ತಾಳ ಅಂದುಕೊಂಡಿದ್ದೆ. ನೂರಾರು ಜನರ ಮುಂದೆ ಮೇಲಿನ ಷಡ್ಜಕ್ಕೆ ಹೋಗಿ ಅಲ್ಲಿ ಮನೆ ಕಟ್ಟಿಕೊಂಡು ಕೂರುವ ಹೆಂಗಸು, ರಾಯರ ಮುಂದೆ ಈ ಎರಡು ಶಬ್ದ ಹೇಳುವಾಗ ನೀರು ಕುಡಿದಳು. ದನಿ ಒಡೆಯಿತು. ಆದರೂ ಹೇಳಿದಳು.

"ರಾಯರ, ನಾ ನೂರಾ ಒಂದು ತಗೊಂತೀನ್ರಿ. ತಬಲಾದಂವಂದು ಬ್ಯಾರೆ."

"ಅಯ್ಯೋ ಅಕ್ಕ! ಅದೆಲ್ಲ ನಾನು ನೋಡಿಕೊಳ್ತೇನಲ್ಲ! ನೀವು ಬನ್ನಿ ಮಾರಾಯ್ರೆ."

ಓದುವವರೇ, ಈ ಮಾತನ್ನು ಗಮನಿಸಿ. "ಅದೆಲ್ಲ ನೋಡಿಕೊಳ್ತೇವೆ." ನಮ್ಮ ಕಸುಬಿನಲ್ಲಿ ಇದಕ್ಕಿಂತ ಅಪಾಯದ ವಾಕ್ಯವಿಲ್ಲ. ಹೂಂ ಅಂದಂತೆಯೂ ಇರುತ್ತದೆ, ಉಹೂಂ ಅಂದಂತೆಯೂ ಇರುತ್ತದೆ. ಮತ್ತೊಮ್ಮೆ ಕೇಳಿದರೆ ನೀವೇ ಸಣ್ಣವರಾಗುತ್ತೀರಿ. ಅವ್ವನಿಗೆ ಇದು ಗೊತ್ತಿರಲಿಲ್ಲ. ಬೆಲೆ ಹೇಳಿದ ಸಂಭ್ರಮದಲ್ಲಿ ಅವಳು ಮೈಸೂರುಪಾಕು ಎರಡು ತುಂಡು ತಿಂದಳು.

ನಾಸಿಕದಿಂದ ಕೆಂಪು ಎಸ್.ಟಿ. ಬಸ್ಸಿನಲ್ಲಿ ಹೊರಟೆವು. ಅವ್ವ, ಅಪ್ಪ, ನಾನು, ದತ್ತೂ, ಅವನ ತಬಲಾ, ಅವ್ವನ ಪೇಟಿ. ನಿಫಾಡದ ಹತ್ತಿರ ಕಂಡಕ್ಟರ್ ಬಂದು ಪೇಟಿಯನ್ನು ಬೂಟಿನಲ್ಲಿ ಮುಟ್ಟಿ, "ಬಾಯಿ, ಹಿಚಂ ಅರ್ಧಂ ತಿಕೀಟ ಲಾಗೇಲ" ಎಂದ. ಪೇಟಿಗೂ ಅರ್ಧ ಟಿಕೇಟು. ಅಪ್ಪ ಜಗಳಕ್ಕೆ ನಿಂತ. ಅವ್ವ ತಡೆದಳು. "ಕೊಡ್ರಿ. ಪೇಟಿಗೊಂದು ರೇಟ್ ಇರ್ತೈತಿ ಅಂತ ಇವಂಗರ ಗೊತ್ತೈತಿ." ಬೂಟಿನ ತುದಿ ತಾಗಿದ ಜಾಗವನ್ನು ಮಾತ್ರ ಸೆರಗಿನಿಂದ ಒರೆಸಿದಳು.

ಅವ್ವ ಆ ಸಂಜೆ ರಾಯರ ಮಹಡಿಯಲ್ಲಿ ಹಾಡಿದ ಹಾಗೆ ಮತ್ತೆ ಹಾಡಿದ್ದನ್ನು ನಾನು ಕೇಳಿಲ್ಲ. ಕೆಳಗೆ ರುಬ್ಬುವ ಕಲ್ಲಿನ ಗರಗರ, ಬೀದಿಯಲ್ಲಿ ಟಾಂಗಾ ಗಂಟೆ, ಮೇಲೆ ಹೊಸ ಬಣ್ಣದ ವಾಸನೆ. ಅದೆಲ್ಲದರ ಮೇಲೆ ಅವಳ ದನಿ ನಿಧಾನವಾಗಿ ಹರಡಿಕೊಂಡಿತು. ಬೆಲೆ ಹೇಳಿ ಬಂದವಳ ಹಾಡು ಅದು. ಯಾರ ಉಪಕಾರವೂ ಇಲ್ಲದೆ ಹಾಡುವಾಗ ಗಂಟಲು ಎಷ್ಟು ಸಡಿಲವಾಗಿರುತ್ತದೆ ಎಂದು ನನಗೆ ಈಗ ಗೊತ್ತು. ಪದ್ಮನಾಭ ರಾಯರು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು. ಸುಳ್ಳು ಕಣ್ಣೀರಲ್ಲ.

ಹಾಡು ಮುಗಿಯಿತು. ಒಬ್ಬ ಅತಿಥಿ ಸಾಹೇಬರು ಎದ್ದರು. "ಕಲೇಚೀ ಕಿಂಮತ ಕೋಣ ಕರೂ ಶಕತೋ?" ಎಂದು ಕೈ ಎತ್ತಿದರು. ಕಲೆಗೆ ಬೆಲೆ ಕಟ್ಟಲು ಯಾರಿಂದ ಸಾಧ್ಯ ಅಂತ. ಜನ ಚಪ್ಪಾಳೆ ತಟ್ಟಿದರು. ಆಗ ಬಂತು ಶಾಲು. ಈ ಸಲ ಸಾದಾ ಶಾಲಲ್ಲ, ಆ ಊರಿನ ಹೆಸರಾಂತ ಹಿಮ್ರೂ ಶಾಲು. ಹತ್ತಿ ರೇಷ್ಮೆ ಕೂಡಿಸಿ ನೇಯ್ದದ್ದು, ಬೆಳಕಿಗೆ ಹಿಡಿದರೆ ಬಣ್ಣ ಆಡುತ್ತಿತ್ತು. ಜೊತೆಗೆ ಒಂದು ತೆಂಗಿನಕಾಯಿ. ಅವ್ವ ಕೈಮುಗಿದು, ಅಪ್ಪನ ಕಡೆ ನೋಡಿದಳು. ಅಪ್ಪ ನೆಲ ನೋಡಿದ. ರಾಯರು ಅಡುಗೆಮನೆ ಕಡೆ ಹೋದರು, ಎಲ್ಲರಿಗೂ ಕೇಸರಿಬಾತ್ ಕಳಿಸಲು.

ರಾತ್ರಿಯಾದರೂ ನೂರಾ ಒಂದರ ಸುದ್ದಿಯೇ ಬರಲಿಲ್ಲ.

ಬೆಳಿಗ್ಗೆ ಬಸ್ಸಿಗೆ ಮೊದಲು ರಾಯರ ಹೋಟೆಲಿನಲ್ಲೇ ನಾಷ್ಟಾ. ಇಡ್ಲಿ, ಮಸಾಲೆ ದೋಸೆ, ಕಾಫಿ. ದತ್ತೂ ಎರಡು ದೋಸೆ ತಿಂದ. ತಿಂದಾದ ಮೇಲೆ ಅವ್ವ ಮಾಣಿಯನ್ನು ಕರೆದು ಬಿಲ್ ಕೇಳಿದಳು. ಅವನು ಗಾಬರಿಯಾಗಿ, "ಧಣಿಗಳು ಬೇಡ ಹೇಳಿದ್ದಾರೆ ಅಮ್ಮ" ಎಂದ. "ಬರ್ಕೊಂಡ ಬಾ" ಎಂದಳು. ಆ ದನಿಗೆ ಯಾರೂ ಎದುರು ಹೇಳುವಂತಿರಲಿಲ್ಲ. ಬಡೇಸೋಪಿನ ತಟ್ಟೆಯಲ್ಲಿ ಬಿಲ್ ಬಂತು.

ಅವ್ವ ಎದ್ದಳು. ಚೀಲದಿಂದ ನಿನ್ನೆಯ ಹಿಮ್ರೂ ಶಾಲು ತೆಗೆದಳು, ತೆಂಗಿನಕಾಯಿ ತೆಗೆದಳು, ನೇರ ಗಲ್ಲೆಯ ಹತ್ತಿರ ಹೋದಳು. ರಾಯರು ಚಿಲ್ಲರೆ ಎಣಿಸುತ್ತಾ ಕೂತಿದ್ದರು. ಅವ್ವ ಶಾಲನ್ನು ಝಾಡಿಸಿ ಅವರ ಹೆಗಲ ಮೇಲೆ ಹೊದಿಸಿದಳು, ತೆಂಗಿನಕಾಯಿ ಕೈಯಲ್ಲಿಟ್ಟಳು. ಆಮೇಲೆ ಇಡೀ ಹೋಟೆಲಿಗೆ ಕೇಳುವಂತೆ, ಮರಾಠಿಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಹೇಳಿದಳು:

"ರಾಯರ, ನಿಮ್ಮ ದ್ವಾಸಿಗೆ ಬೆಲಿ ಕಟ್ಟಾಕ ನಾವ್ಯಾರ್ರಿ? ಆ ಚಟ್ನಿ, ಆ ಪಲ್ಯ, ಅದು ದೇವರು ಕೊಟ್ಟ ವಿದ್ಯಾ. ಅದಕ್ಕ ರೊಕ್ಕ ಕೊಟ್ಟು ನಿಮ್ಮನ್ನ ಸಣ್ಣವರನ್ನ ಮಾಡೂದಿಲ್ಲ. ಈ ಶಾಲು ಹಾಕ್ಕೋರಿ. ನಾವಿನ್ನ ಬರ್ತೀವಿ."

ಅಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ಚಪ್ಪಾಳೆ ತಟ್ಟಿದರು! ಅವರಿಗೆ ಇದು ನಿಜವಾದ ಸತ್ಕಾರವೆಂದೇ ಕಂಡಿತ್ತು. ಅದಕ್ಕಿಂತ ಹೆಚ್ಚಿನದೇನು ಗೊತ್ತೇ? ರಾಯರು ಎದ್ದು ನಿಂತು, ತಲೆ ಬಾಗಿಸಿ, ಎಲ್ಲರಿಗೂ ಕೈಮುಗಿದರು. ಹೆಗಲ ಮೇಲೆ ಶಾಲು ಬಿದ್ದರೆ ನಮ್ಮ ಜನಕ್ಕೆ ಕೈಗಳು ತಾವಾಗಿ ಮುಗಿಯುತ್ತವೆ, ಬುದ್ಧಿ ಆಮೇಲೆ ಬರುತ್ತದೆ. ನಾನೋ, ದೋಸೆಯ ಗರಿಗರಿ ಅಂಚು ತಟ್ಟೆಯಲ್ಲೇ ಬಿಟ್ಟು ಬಂದ ದುಃಖದಲ್ಲಿದ್ದೆ.

ರಾಯರ ಕೈ ನಿಧಾನವಾಗಿ ಇಳಿಯಿತು. ಅರ್ಥವಾಗಿತ್ತು. ಆದರೂ ನಕ್ಕರು. "ಎಂತ ಅಕ್ಕ, ತಮಾಷೆಯಾ? ನಿಮಗೆ ಬಿಲ್ ಹಾಕ್ತೇನಾ ನಾನು? ಹೋಟೆಲೇ ನಿಮ್ಮದು."

"ಹೋಟೆಲ್ ಬ್ಯಾಡ್ರಿ ನನಗ. ದ್ವಾಸಿ ರೊಕ್ಕ ತಗೋರಿ." ಅವ್ವ ಬಿಲ್ಲಿನ ಹಣವನ್ನು ಗಲ್ಲೆಯ ಮೇಲಿಟ್ಟಳು. "ಇದು ನಿಮ್ಮ ಬಿಲ್. ಈಗ ನನ್ನ ಬಿಲ್ ಕೊಡ್ರಿ. ನೂರಾ ಒಂದು."

ರಾಯರ ಮುಖ ಕೆಂಪಾಯಿತು. ಅವರಿಗೆ ನಿಜವಾಗಿ ನೋವಾಗಿತ್ತು. ದನಿ ತಗ್ಗಿಸಿ ಹೇಳಿದರು: "ಅಕ್ಕ, ಆ ಶಾಲಿಗೆ ಎಷ್ಟು ಕೊಟ್ಟಿದ್ದೇನೆ ಗೊತ್ತುಂಟಾ ನಿಮಗೆ? ನೂರ ಎಪ್ಪತ್ತು!"

ನನ್ನ ಸಿಟ್ಟಿನ ಬೇರು ಇಲ್ಲಿದೆ. ನೂರಾ ಒಂದು ಕೊಡಲಾರದ ಮನುಷ್ಯ ನೂರ ಎಪ್ಪತ್ತರ ಶಾಲು ಕೊಡಬಲ್ಲ! ಹಣದ ಕೊರತೆಯಲ್ಲ, ಜಿಪುಣತನವಲ್ಲ. ಹಾಗಾದರೆ ಏನು? ನಾನು ಇಷ್ಟು ವರ್ಷ ತಲೆ ಕೆಡಿಸಿಕೊಂಡು ಕಂಡುಕೊಂಡದ್ದು ಇಷ್ಟು. ಶಾಲು ಕೊಟ್ಟರೆ ಕೊಟ್ಟವನು ದೊಡ್ಡವನಾಗುತ್ತಾನೆ. ಕೂಲಿ ಕೊಟ್ಟರೆ ಇಬ್ಬರೂ ಸಮ ಸಮ ಆಗಿಬಿಡುತ್ತಾರೆ. ಆ ಸಮ ಆಗುವುದನ್ನು ತಪ್ಪಿಸಲು ಜನ ಅರವತ್ತೊಂಬತ್ತು ರೂಪಾಯಿ ಹೆಚ್ಚಿಗೆ ಖರ್ಚು ಮಾಡಲೂ ತಯಾರು.

ಅದೇ ಊರಿನಿಂದ ಬಸ್ಸು ಹಿಡಿದರೆ ಅಜಂತಾ. ದೊಡ್ಡವಳಾದ ಮೇಲೆ ಹೋಗಿದ್ದೆ. ಗುಹೆಯ ಗೋಡೆಯ ಮೇಲೆ ದಾನ ಕೊಟ್ಟವರ ಶಾಸನಗಳಿವೆ, ಅವರ ವಂಶ, ಅವರ ಪುಣ್ಯ, ಎಲ್ಲ. ಆ ಕಣ್ಣುಗಳನ್ನು, ಆ ಬೆರಳುಗಳನ್ನು ಕತ್ತಲಲ್ಲಿ ಕೂತು ಬರೆದವರು ಯಾರು ಎಂದು ಗೈಡನ್ನು ಕೇಳಿದೆ. "ಮಾಲೂಮ್ ನಹೀಂ" ಎಂದು ಮುಂದೆ ನಡೆದ. ನಮ್ಮ ಕಡೆ ಹೊಯ್ಸಳರ ಗುಡಿಗಳಲ್ಲಿ ಹಾಗಲ್ಲ ನೋಡಿ. ಮೂರ್ತಿಯ ಪಾದದ ಕೆಳಗೆ ಶಿಲ್ಪಿ ತನ್ನ ಹೆಸರು ತಾನೇ ಕೆತ್ತಿಕೊಂಡಿದ್ದಾನೆ, ಕೆಲವರು ಬಿರುದುಗಳನ್ನೂ ಸೇರಿಸಿದ್ದಾರೆ. ಜಂಬ ಎಂದು ಅಂದುಕೊಳ್ಳಿ ಬೇಕಾದರೆ. ನನಗೆ ಅಲ್ಲಿ ನಿಂತಾಗ ಚಪ್ಪಾಳೆ ತಟ್ಟಬೇಕೆನಿಸಿತು. ಇನ್ನು ಆ ಹಿಮ್ರೂ ಶಾಲು ನೇಯ್ದವನು? ವಾರಗಟ್ಟಲೆ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತವನು? ಅವನಿಗೆ ಯಾರೂ ಶಾಲು ಹೊದಿಸುವುದಿಲ್ಲ. ಒಂದು ಲೆಕ್ಕಕ್ಕೆ ಅವನೇ ಪುಣ್ಯವಂತ, ಕೂಲಿ ಕೊಟ್ಟು ಕಳಿಸುತ್ತಾರೆ.

ಗಲ್ಲೆಯ ಹತ್ತಿರ ಎಲ್ಲರನ್ನೂ ನಿಲ್ಲಿಸಿ ಬಂದಿದ್ದೇನೆ. ಅವ್ವ ರಾಯರಿಗೆ ಹೇಳಿದಳು, "ಹಂಗಾರ ಶಾಲು ನೀವ ಇಟ್ಕೋರಿ, ನೂರಾ ಒಂದು ಕೊಡ್ರಿ. ನಿಮಗ ಮ್ಯಾಲೆ ಉಳೀತೈತಿ."

ಆಗ ರಾಯರ ಹೊಟ್ಟೆಯೊಳಗಿನ ಮಾತು ಹೊರಗೆ ಬಂತು. "ಅದು ಹಾಗಲ್ಲ ಅಕ್ಕ. ನಿಮ್ಮಂಥ ಮನೆತನದ ಹೆಂಗಸಿಗೆ ಹಾಡಿದ್ದಕ್ಕೆ ದುಡ್ಡು ಕೊಟ್ಟರೆ, ಪೇಟೆಯಲ್ಲಿ ಹಾಡುವವರಿಗೆ ಕೊಟ್ಟ ಹಾಗೆ ಆಗ್ತದೆ. ನಿಮ್ಮ ಮರ್ಯಾದೆ ಕಾಯುವುದು ನನ್ನ ಧರ್ಮ ಅಲ್ವಾ?"

ಅಪ್ಪ ತಲೆ ತಗ್ಗಿಸಿದ. ಅವನ ಮನಸ್ಸಿನಲ್ಲೂ ಅದೇ ಹೆದರಿಕೆ ಇತ್ತು ಎಂದು ನನಗೆ ಬಹಳ ತಡವಾಗಿ ಹೊಳೆಯಿತು. ಪೇಟೆಯಲ್ಲಿ ಹಾಡುವ ಹೆಂಗಸಿಗೆ ದುಡ್ಡು ಕೊಡುತ್ತಾರೆ, ಮರ್ಯಾದೆ ಕೊಡುವುದಿಲ್ಲ. ಮನೆತನದ ಹೆಂಗಸಿಗೆ ಮರ್ಯಾದೆ ಕೊಡುತ್ತಾರೆ, ದುಡ್ಡು ಕೊಡುವುದಿಲ್ಲ. ಎರಡೂ ಒಬ್ಬಳಿಗೇ ಸಿಗಬಾರದೆಂದು ಎಷ್ಟು ಅಚ್ಚುಕಟ್ಟಾಗಿ ವ್ಯವಸ್ಥೆ ಮಾಡಿದ್ದಾರೆ ನೋಡಿ! ಆ ಅಚ್ಚುಕಟ್ಟಿಗೆ ಬೆಂಕಿ ಹಾಕ.

ಅವ್ವ ಮಾತ್ರ ತಲೆ ತಗ್ಗಿಸಲಿಲ್ಲ. "ನಾ ನಿನ್ನೆ ಹಾಡಿದ್ದು ಪ್ಯಾಟ್ಯಾಗ ಅಲ್ಲದ ಮತ್ತೆಲ್ಲಿ ರಾಯರ? ನಿಮ್ಮ ಹೋಟೆಲ್ ಏನ್ ನಿಮ್ಮ ದೇವರ ಮನ್ಯಾಗೈತಿ?"

ರಾಯರು ಗಲ್ಲೆ ತೆರೆದರು. ನೂರಾ ಒಂದು ಮಾತ್ರ ಕೊಡಲಿಲ್ಲ. ತಬಲಾದ ದತ್ತೂನ ಹಣ ಕೊಟ್ಟರು, ಚಕಾರವಿಲ್ಲದೆ. ಅವ್ವ ಶಾಲನ್ನು ಅವರ ಹೆಗಲ ಮೇಲೇ ಬಿಟ್ಟು ಮೆಟ್ಟಿಲಿಳಿದಳು. ಲೆಕ್ಕ ಹಾಕಿ. ಹಾಡಿದ್ದೂ ಹೋಯಿತು, ಶಾಲೂ ಹೋಯಿತು, ದೋಸೆಯ ದುಡ್ಡೂ ಹೋಯಿತು, ಪೇಟಿಯ ಟಿಕೇಟೂ ಹೋಯಿತು. ಬಸ್ಸಿನಲ್ಲಿ ದತ್ತೂ ಬಹಳ ಹೊತ್ತು ಕಿಟಕಿ ನೋಡಿ, ಕೊನೆಗೆ ತಡೆಯಲಾರದೆ, "ವಹಿನಿ, ಧಂದ್ಯಾತ ಪಹಿಲಾ ದಿವಸ ತೋಟ್ಯಾಚಾಚ ಅಸತೋ" ಎಂದ. ದಂಧೆಯಲ್ಲಿ ಮೊದಲನೇ ದಿನ ನಷ್ಟದ್ದೇ ಇರುತ್ತದೆ ಅಂತ. ಅವ್ವ ನಗಲಿಲ್ಲ. ಅಪ್ಪ ಯೇವಲೆ ದಾಟಿದ ಮೇಲೆ, "ಮಂದಿ ಏನಂದಾರು" ಎಂದ.

ಮಂದಿ ಅಂದರು. ನಾವು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತೋ ಏನೋ. "ಸುಶೀಲಾ ವೈನಿ ಈಗ ರೇಟ್ ಹೇಳ್ತಾರಂತ." ರಾಜ್ಯೋತ್ಸವಕ್ಕೆ ಕರೆ ಬರಲಿಲ್ಲ. ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ಕರೆದರು, ಹಾಡಲು ಹೇಳಲಿಲ್ಲ. ಎಳ್ಳು ಕೊಟ್ಟರು, ಒಳ್ಳೆ ಮಾತಾಡಿ ಎಂದರು, ತಾವು ಮಾತ್ರ ಆಡಲಿಲ್ಲ. ಬೇರೊಬ್ಬರು ಹಾಡಿದರು, ಶ್ರುತಿ ಒಂದು ದಾರಿ, ಹಾಡು ಒಂದು ದಾರಿ. ಅವರಿಗೆ ಶಾಲು ಸಿಕ್ಕಿತು.

ಅವ್ವ ಮೊದಮೊದಲು ಅಡುಗೆ ಮಾಡುತ್ತಾ ಹಾಡಿಕೊಳ್ಳುತ್ತಿದ್ದಳು. ಆಮೇಲೆ ಅದೂ ನಿಂತಿತು. ಪೇಟಿ ಗೋಡೆಗೆ ಸರಿಯಿತು, ಅದರ ಮೇಲೆ ಬೇಳೆ ಡಬ್ಬಿಗಳು ಬಂದು ಕೂತವು. ನನಗೆ ಮನೆಯಲ್ಲಿ ಏನೋ ಸತ್ತಿದೆ ಅನಿಸುತ್ತಿತ್ತು, ಏನು ಅಂತ ತಿಳಿಯುತ್ತಿರಲಿಲ್ಲ. ಒಂದು ದಿನ ಅಪ್ಪ ಮೆಲ್ಲಗೆ, "ನೀ ರೊಕ್ಕ ಕೇಳೂದಿಲ್ಲಂತ ಜೋಶಿಯವರಿಗೆ ಒಂದ ಮಾತ ಹೇಳ್ಲೇನು? ಹೆಂಗೂ ಗಣಪತಿ ಬರಾಕತ್ತೈತಿ" ಎಂದ. ಅವ್ವ "ಹೇಳ್ರಿ" ಅನ್ನಲು ಬಾಯಿ ತೆರೆದದ್ದನ್ನು ನಾನು ನೋಡಿದೆ. ಹೇಳಲಿಲ್ಲ. ಆದರೆ ಬಾಯಿ ತೆರೆದಿದ್ದಳು.

ಆ ವಾರವೇ ನಮ್ಮ ಬಾಗಿಲಿಗೆ ಲಾಸಲಗಾಂವಿನ ಈರುಳ್ಳಿ ವ್ಯಾಪಾರಿಯೊಬ್ಬ ಬಂದ. ಬಿಳಿ ಟೋಪಿ, ಬಿಳಿ ಧೋತರ, ಮೈಯೆಲ್ಲ 'ಕಾಂದಾ'ದ ವಾಸನೆ. ಎಲ್ಲರೂ ಅವನನ್ನು ಶೇಟ್ ಅನ್ನುತ್ತಿದ್ದರಂತೆ. ಒಂದಕ್ಷರ ಕನ್ನಡ ಬಾರದು. ಮುದುಕಿ ತಾಯಿಗೆ ಅಭಂಗ ಕೇಳುವ ಆಸೆ, ಮನೆಯಲ್ಲೇ ಒಂದು ಸಂಜೆ ಹಾಡಬೇಕು ಎಂದ. ಯಾರು ಹೇಳಿ ಕಳಿಸಿದರು ಎಂದು ಅವ್ವ ಕೇಳಿದಳು. ಯಾರೂ ಕಳಿಸಿರಲಿಲ್ಲ. ಅವನು ವ್ಯಾಪಾರಕ್ಕೆ ಔರಂಗಾಬಾದಿಗೆ ಹೋದವನು, ಅವ್ವ ಶಾಲು ಹೊದಿಸಿದ ಆ ಬೆಳಿಗ್ಗೆ ರಾಯರ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಕೂತಿದ್ದನಂತೆ. ತಬಲಾದ ಹುಡುಗ ಪಂಚವಟಿಯವನು ಎಂಬ ಸುಳಿವು ಹಿಡಿದು, ಅವನಿಂದ ನಮ್ಮ ಮನೆ ಹುಡುಕಿಕೊಂಡು ಬಂದಿದ್ದ.

ಚಾಪೆಯ ಮೇಲೆ ಕೂತವನೇ, ಹೊಗಳಿಕೆ ಇಲ್ಲ, ಸರಸ್ವತಿ ಇಲ್ಲ, ನೇರ ಕೇಳಿದ: "ಕಿತೀ ಘೇಣಾರ?" ಎಷ್ಟು ತಗೊಳ್ಳುತ್ತೀರಿ?

ಅವ್ವ ಬೆಚ್ಚಿಬಿದ್ದಳು. ಆ ಪ್ರಶ್ನೆಯನ್ನು ಅವಳ ಜನ್ಮದಲ್ಲಿ ಯಾರೂ ಕೇಳಿರಲಿಲ್ಲ. "ದೀಡಶೇ" ಎಂದಳು. ನೂರೈವತ್ತು! ಎಲ್ಲಿಂದ ಬಂತೋ ಆ ಧೈರ್ಯ. ಒಳಗಿನ ಬಾಗಿಲಲ್ಲಿ ನಿಂತಿದ್ದ ಅಪ್ಪ ಚೌಕಟ್ಟು ಹಿಡಿದುಕೊಂಡ.

"ದೀಡಶೇ!" ಶೇಟ್ ಎದೆ ಮುಟ್ಟಿಕೊಂಡ. "ಬಾಯಿ, ಶಂಭರ ಘ್ಯಾ. ಬಾಜಾರ ಪಡಲಾಯ." ನೂರು ತಗೊಳ್ಳಿ, ಮಾರುಕಟ್ಟೆ ಬಿದ್ದಿದೆ.

"ಕಾಂದ್ಯಾಚಾ ಪಡಲಾ ಅಸೇಲ. ಗಾಣ್ಯಾಚಾ ನಾಹೀ." ಈರುಳ್ಳಿಯದು ಬಿದ್ದಿರಬಹುದು, ಹಾಡಿನದಲ್ಲ.

ಶೇಟ್ ತೊಡೆ ತಟ್ಟಿಕೊಂಡು ನಕ್ಕ. ಆಮೇಲೆ ಪಟ್ಟು ಹಿಡಿದ. ಎಷ್ಟು ಹಾಡು, ಎಷ್ಟು ಹೊತ್ತು, ತಬಲಾದವನು ಇದರಲ್ಲೇ ಬರುತ್ತಾನೋ ಬೇರೆಯೋ, ಹೋಗಿ ಬರುವ ಬಸ್ಸಿನ ಖರ್ಚು ಯಾರದು. ನಡುವೆ ಒಮ್ಮೆ ಅಭಂಗಗಳು ತಾಯಿಗೆ ಗೊತ್ತಿರುವ ಹಳೆಯ ಮಾಲೋ, ಹೊಸ ಮಾಲೋ ಎಂದೂ ಕೇಳಿದ. ಅವ್ವ ಪ್ರತಿಯೊಂದಕ್ಕೂ ಜವಾಬು ಕೊಟ್ಟಳು. ಒಮ್ಮೆ ಅವನು ಎದ್ದು ಚಪ್ಪಲಿ ಮೆಟ್ಟಿದ, ಅವ್ವ ಕರೆಯಲಿಲ್ಲ. ತಾನೇ ವಾಪಸ್ ಬಂದು ಕೂತ. ಕೊನೆಗೆ ನೂರಾ ಇಪ್ಪತ್ತೈದಕ್ಕೆ ನಿಂತಿತು, ಬಸ್ಸಿನ ಖರ್ಚು ಬೇರೆ. ಶೇಟ್ ಒಳ ಅಂಗಿಯ ಕಿಸೆಯಿಂದ ಇಪ್ಪತ್ತೈದು ತೆಗೆದು 'ಇಸಾರ' ಎಂದು ಮುಂಗಡ ಕೊಟ್ಟು ಹೋದ. ಚಹಾಕ್ಕೂ ನಿಲ್ಲಲಿಲ್ಲ.

ಅವ್ವ ಬಾಗಿಲು ಹಾಕಿ ಒಳಗೆ ಬಂದಳು. ಅವಳ ಮುಖ ಹಾಗಿದ್ದದ್ದನ್ನು ನಾನು ಮೊದಲು ನೋಡಿರಲಿಲ್ಲ. ನೋಟುಗಳನ್ನು ಅಪ್ಪನ ಕೈಗೆ ಕೊಡುವುದನ್ನೂ ಮರೆತು, "ನೋಡಿದ್ರ್ಯಾ?" ಎಂದಳು. "ಮನಷ್ಯಾ ಚೌಕಾಶಿ ಮಾಡಿದನ್ರೀ! ನನ್ನ ಹಾಡಿಗೆ ಚೌಕಾಶಿ ಮಾಡಿದ!"

ಅಪ್ಪನಿಗೆ ಇದರಲ್ಲಿ ಖುಷಿಪಡುವಂಥದ್ದೇನಿದೆ ಎಂದು ತಿಳಿಯಲಿಲ್ಲ. ಇಪ್ಪತ್ತೈದು ರೂಪಾಯಿ ಬಿಟ್ಟುಕೊಟ್ಟಳಲ್ಲ ಎಂದೇ ಅವನ ಲೆಕ್ಕ. ಆದರೂ ಎದ್ದು ಹೋಗಿ, ಪೇಟಿಯ ಮೇಲಿನ ಬೇಳೆ ಡಬ್ಬಿಗಳನ್ನು ಒಂದೊಂದಾಗಿ ಇಳಿಸಿದ.

ನನಗೂ ಆಗ ತಿಳಿಯಲಿಲ್ಲ. ಈಗ ತಿಳಿಯುತ್ತದೆ. ನಿಮ್ಮ ಕಲೆಗೆ ಬೆಲೆಯೇ ಇಲ್ಲ ಎಂದು ಕೈಮುಗಿಯುವವನು ಅದನ್ನು ಸೊನ್ನೆಗೆ ಕೊಂಡು ಹೋಗುತ್ತಾನೆ. ಇಷ್ಟು ದುಬಾರಿಯೇ ಎಂದು ಎದೆ ಮುಟ್ಟಿಕೊಳ್ಳುವವನು ಒಂದನ್ನಂತೂ ಒಪ್ಪಿಕೊಂಡಿರುತ್ತಾನೆ, ಎದುರಿಗಿರುವವಳ ಕೈಯಲ್ಲಿ ಕೊಳ್ಳುವಂಥ ಮಾಲಿದೆ, ಕೊಡದಿರುವ ಹಕ್ಕೂ ಅವಳಿಗಿದೆ ಅಂತ. ಹೊಗಳಿದವರ ನಡುವೆ ಒಣಗಿದ್ದ ಅವ್ವನ ಗಂಟಲು ಒಬ್ಬ ಚೌಕಾಶಿಗಾರನಿಂದ ತೆರೆಯಿತು. ಆ ಮೇಲೆ ಅವಳು ಇಪ್ಪತ್ತು ವರ್ಷ ಹಾಡಿದಳು, ಘೋಟಿಯಿಂದ ಪಿಂಪಳಗಾಂವ್ ಬಸವಂತದವರೆಗೆ, ಹೆಚ್ಚಾಗಿ ವ್ಯಾಪಾರಿಗಳ ಮನೆಗಳಲ್ಲಿ. ಪ್ರತಿ ಸಲ ಬೆಲೆ ಹೇಳಿ, ಪ್ರತಿ ಸಲ ಜಗಳಾಡಿ. ಸಂಘದವರೂ ಕೊನೆಗೆ ಬಂದರು. ಜಗಳಾಡದೆ ಕೊಟ್ಟರು. ಅವ್ವನಿಗೆ ಅದು ಅಷ್ಟು ರುಚಿಸಲಿಲ್ಲ.

ಮೊನ್ನೆಯ ಫೋನಿನವರಿಗೆ ನಾನು ತಿರುಗಿ ಫೋನ್ ಮಾಡಿ ನನ್ನ ರೇಟು ಹೇಳಿದೆ. ನೀರು ಕುಡಿದೇ ಹೇಳಿದೆ, ಸುಳ್ಳು ಯಾಕೆ. ಅವರು ಅರ್ಧಕ್ಕೆ ಕೇಳಿದರು. ಮೈಗೆ ಒಂದು ಥರ ಹಿತವಾಯಿತು. ಇನ್ನೂ ಎಳೆದಾಟ ನಡೆದಿದೆ.

ಈಗ ನಿಮ್ಮ ಸರದಿ. ಹಾಡುವವರು, ಬರೆಯುವವರು, ಕುಣಿಯುವವರು, ಫೋಟೋ ತೆಗೆಯುವವರು, ಮೆಹಂದಿ ಹಾಕುವವರು, ಕೆಳಗೆ ಕಾಮೆಂಟಿನಲ್ಲಿ ಬನ್ನಿ. ನಿಮ್ಮನ್ನು "ಮನೆಯವರು" ಮಾಡಿಕೊಂಡವರು ಏನಂದರು, ನೀವೇನು ಮಾಡಿದಿರಿ, ಬಿಚ್ಚಿ ಹೇಳಿ. ಅವರ ಹೆಸರು ಬೇಡ, ನಮಗೆ ಕೋರ್ಟು ಕಚೇರಿ ಬೇಕಿಲ್ಲ. ಆದರೆ ಜೀವನದಲ್ಲಿ ಮೊದಲ ಸಲ ನಿಮ್ಮ ಬೆಲೆ ನೀವೇ ಬಾಯಿಬಿಟ್ಟು ಹೇಳಿದ್ದು ಯಾವಾಗ, ಆಗ ನಿಮ್ಮ ಗಂಟಲು ಎಷ್ಟು ಒಣಗಿತ್ತು, ಅದನ್ನು ಮಾತ್ರ ತಪ್ಪಿಸದೆ ಬರೆಯಿರಿ.